ಗಿಡದಮ್ಮನ ಪಾಠ

ಒಂದು ಕಾಲದಲ್ಲಿ ಗಿಡದಮ್ಮ ಅಂತೊಬ್ಬರಿದ್ದರಂತೆ. ಎಲೆ ತೋರಿಸಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ, ಹೆಸರು ಒಪ್ಪಿಸುವವರೆಗೂ ಬಾಗಿಲು ತೆಗೆಯುತ್ತಿರಲಿಲ್ಲವಂತೆ. ಅಜ್ಜಿ ಹೇಳುತ್ತಿದ್ದ ಕಥೆ ಇದು.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಗಿಡದಮ್ಮನ ಮರಿಮಗಳು ಪದ್ದತ್ತೆ, ತಮ್ಮ ಜಯನಗರದ ಹೊಸ ಮನೆಯಲ್ಲಿ ಆಕೆ ಎಲೆಗಳನ್ನು ಒಣಗಿಸಿ ಅಂಟಿಸಿಟ್ಟಿದ್ದ ಕಾಗದಗಳನ್ನು ನನ್ನ ಮುಂದಿಟ್ಟರು. ಉದುರಿದ ಎಲೆಗಳನ್ನೆಲ್ಲ ಮತ್ತೆ ಅಂಟಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ.

ಮಧ್ಯಾಹ್ನ ನಾನೊಬ್ಬಳೇ ಕೂತಿದ್ದ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನೆಲ ತಣ್ಣಗಾಯಿತು, ಒಣಗಿದ ಎಲೆಗಳಿಂದ ಹಸಿ ಸೊಪ್ಪಿನ ವಾಸನೆ ಎದ್ದಿತು.

“ಅತ್ತೆ, ಚಿಲಕ ತೆಗೀರಿ.”

“ಹಾಕೇ ಇಲ್ವಲ್ಲೇ. ನಾನೂ ತಳ್ತಾನೇ ಇದೀನಿ,” ಅಂದರು ಹೊರಗಿನಿಂದ.

ಅಜ್ಜಿಯ ಕಥೆ ನೆನಪಾಯಿತು. ಒಂದೊಂದೇ ಎಲೆ ಅಂಟಿಸುತ್ತ ಗಟ್ಟಿಯಾಗಿ ಒಪ್ಪಿಸಿದೆ: ತುಂಬೆ, ಉತ್ತರಾಣಿ, ನೆಲನೆಲ್ಲಿ. ಕೊನೆಗೆ ಉಳಿದದ್ದು ಮುಟ್ಟಿದರೆ ಮುನಿ. ಹೆಸರು ಹೇಳಿದ್ದೇ ತಡ, ಬಾಗಿಲು ತೆರೆಯಿತು. ಓಡಲು ಎದ್ದವಳು, ಕೊಟ್ಟ ಮಾತು ನೆನೆದು ತಿರುಗಿ ಬಂದು ಅದನ್ನೂ ಅಂಟಿಸಿದೆ.

ಅಷ್ಟು ವರ್ಷ ಬಿಚ್ಚಿಕೊಂಡೇ ಒಣಗಿದ್ದ ಎಲೆ, ನನ್ನ ಬೆರಳಡಿ ಮೆಲ್ಲಗೆ ಮಡಚಿಕೊಂಡಿತು.