ಕದ ತಟ್ಟಿದ ಚಂದಲೆ

ಬಹಳ ಕಾಲದ ಹಿಂದೆ, ಜನ ಇನ್ನೂ ನದಿಗಳಿಗೆ ಹೆಸರಿಡುತ್ತಿದ್ದ ಕಾಲದಲ್ಲಿ, ಬೆಳ್ಗಣಿವೆ ಎಂಬ ರಾಜ್ಯವಿತ್ತು. ಅಲ್ಲಿ ಮೂರು ಮನೆತನಗಳಲ್ಲ, ಮೂರು ಮನೆಗಳು. ಕತ್ತಿಮನೆಯವರು ಕಾದುತ್ತಿದ್ದರು. ಮಂತ್ರಮನೆಯವರು ಮಂತ್ರ ಹಾಕುತ್ತಿದ್ದರು. ಕನ್ನಮನೆಯವರು ಕನ್ನ ಹಾಕುತ್ತಿದ್ದರು. ಕಳ್ಳರಿಗೂ ಒಂದು ಮನೆಯೇ ಎಂದು ನಗಬೇಡಿ; ಶತ್ರುವಿನ ಕೋಟೆಯ ಗುಟ್ಟು ಬೇಕಾದಾಗ ಅರಸ ಕರೆಸುತ್ತಿದ್ದುದು ಅವರನ್ನೇ.

ಹುಟ್ಟಿನಿಂದ ಯಾರೂ ಯಾವ ಮನೆಗೂ ಸೇರುತ್ತಿರಲಿಲ್ಲ. ಪ್ರಾಯಕ್ಕೆ ಬಂದ ಮಕ್ಕಳನ್ನು ಅರಮನೆಯ ಅಂಗಳದಲ್ಲಿ ಒಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸುತ್ತಿದ್ದರು. ಅದರ ಹಿಂದೆ ಗೋಡೆಯಿಲ್ಲ, ಕೋಣೆಯಿಲ್ಲ, ನೆಲಕ್ಕೆ ನೆಟ್ಟ ಬರಿಯ ಬಾಗಿಲು. ಹೆಗಲು ಕೊಟ್ಟು ನೂಕಿದವರು ಕತ್ತಿಮನೆಗೆ. ಚೌಕಟ್ಟಿನ ಕೆತ್ತನೆ ಓದುತ್ತ ನಿಂತವರು ಮಂತ್ರಮನೆಗೆ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿ ಅಗುಳಿಗೆ ಕೈ ಹಾಕಿದವರು ಕನ್ನಮನೆಗೆ.

ಒಂದು ವರ್ಷ ಚಂದಲೆ ಎಂಬವಳ ಸರದಿ ಬಂತು. ಅವಳ ಅಣ್ಣ ಬೀರ ಕತ್ತಿಮನೆಯ ಹುಲಿ. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವನೂ ಅವನೇ. ಅವನ ಮಾನ ಉಳಿಸಬೇಕೆಂದು ಹುಡುಗಿ ಬಾಗಿಲ ಬಳಿ ಹೋದಳು, ನಿಂತಳು, ಆದರೆ ನೂಕುವ ಬದಲು ಮೆಲ್ಲಗೆ ತಟ್ಟಿದಳು.

“ಒಳಗೆ ಯಾರಿದ್ದೀರಿ? ಬರಬಹುದಾ?”

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಯಾವ ಮನೆಯ ಹಿರಿಯರೂ ಅವಳನ್ನು ಕರೆಯಲಿಲ್ಲ.

“ಅಳಬೇಡ ತಂಗೀ. ಮುಂದಿನ ವರ್ಷ ನಾನು ಹೇಳಿಕೊಟ್ಟ ಹಾಗೆ ನೂಕು, ಆಯಿತಾ?” ಎಂದ ಬೀರ.

ಚಂದಲೆ ತಲೆಯಾಡಿಸಿದಳು. ಆದರೆ ಅವನು ಹೇಳಿಕೊಟ್ಟಂತೆ ನೂಕಿದರೆ ನೂಕಿದ್ದು ಅವನೋ ತಾನೋ ಎಂಬ ಅಳುಕು ಅವಳನ್ನು ಬಿಡಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಗುಡ್ಡದ ನೆತ್ತಿಯ ಮೇಲೆ ಕರಿಯ ಬಾಗಿಲೊಂದು ನಿಂತಿತ್ತು. ಮರುದಿನ ಅದು ಗುಡ್ಡದ ಬುಡದಲ್ಲಿತ್ತು. ಅದರ ಮರುದಿನ ರಾಗಿ ಹೊಲದ ನಡುವೆ. ಅದು ನಡೆಯುವುದನ್ನು ಯಾರೂ ಕಾಣರು, ನಿಂತದ್ದನ್ನು ಎಲ್ಲರೂ ಕಂಡರು. ಒಳಗಿದ್ದವನು ಗೊಗ್ಗಯ್ಯನೆಂಬ ಮಾಯಾವಿ. ಕಂಡವರ ಕಸುಬನ್ನೂ ದನಿಯನ್ನೂ ಕುಡಿದೇ ಅವನು ಬದುಕುವುದು. ಬಾಗಿಲು ಊರ ನಡುವೆ ಬಂದು ತಾನೇ ತೆರೆದುಕೊಂಡರೆ ಬೆಳ್ಗಣಿವೆಯ ಕತೆ ಮುಗಿದಂತೆಯೇ.

ಮೊದಲು ಬೀರ ಹೋದ. ಕತ್ತಿ ಹಿಡಿದು, ಹೆಗಲು ಕೊಟ್ಟು, ಬಂಡೆ ಒಡೆಯುವಂತೆ ನೂಕಿದ. ಹೆಗಲು ಮರವಾಯಿತು, ತೋಳು ಮರವಾಯಿತು, ಬೀರ ಒಂದು ಹಲಗೆಯಾಗಿ ಬಾಗಿಲಿಗೆ ಸೇರಿಕೊಂಡ. ಕತ್ತಿ ಹುಲ್ಲಿನ ಮೇಲೆ ಬಿತ್ತು. ಬಾಗಿಲು ಒಂದು ಹಲಗೆಯಷ್ಟು ಅಗಲವಾಯಿತು, ಊರಿಗೆ ಒಂದು ಹೊಲದಷ್ಟು ಹತ್ತಿರವಾಯಿತು.

ಆಮೇಲೆ ಮಂತ್ರಮನೆಯ ಪದ್ಮಲೆ ಹೋದಳು. ಚೌಕಟ್ಟಿನ ಕೆತ್ತನೆಯನ್ನು ಬೆರಳಿಟ್ಟು ಓದಿದಳು. ಬೆರಳು ಮರವಾಯಿತು, ತುಟಿ ಮರವಾಯಿತು. ಬಾಗಿಲು ಒಂದು ಹಲಗೆಯಷ್ಟು ಅಗಲವಾಯಿತು, ಊರಿಗೆ ಒಂದು ಹೊಲದಷ್ಟು ಹತ್ತಿರವಾಯಿತು.

ಕೊನೆಗೆ ಕನ್ನಮನೆಯ ಕಾಳ ಹೋದ. ಸುತ್ತ ನೋಡಿ, ಉಸಿರು ಬಿಗಿಹಿಡಿದು, ಅಗುಳಿಗೆ ಸೂಜಿ ತೂರಿಸಿದ. ಅವನೂ ಹಲಗೆಯಾದ. ಈಗ ಬಾಗಿಲು ಕೋಟೆಯ ಹೆಬ್ಬಾಗಿಲಿಗೆ ಎದುರಾಗಿ ನಿಂತಿತ್ತು. ಒಳಗಿಂದ ಯಾರೋ ಬೀರನ ದನಿಯಲ್ಲಿ ನಗುತ್ತಿದ್ದರು.

“ಇನ್ನು ಯಾರಿದ್ದೀರಿ?” ಎಂದು ಅರಸ ಕೇಳಿದ. ಚಂದಲೆ ಮುಂದೆ ಬಂದಳು.

“ನಾನು ಹೋಗುತ್ತೇನೆ, ಪ್ರಭು. ಅಲ್ಲಿರುವವನು ನನ್ನ ಅಣ್ಣ.”

“ನಿನಗೆ ಮನೆಯೇ ಇಲ್ಲವಲ್ಲಮ್ಮ!” ಎಂದರು ಹಿರಿಯರು.

“ಅಣ್ಣನೂ ಇಲ್ಲದ ಮೇಲೆ ಮನೆ ಕಟ್ಟಿಕೊಂಡು ಏನು ಮಾಡಲಿ?” ಎಂದು ಚಂದಲೆ ಹೊರಟಳು.

ಹೊಲದ ಹುಲ್ಲಿನ ಮೇಲೆ ಬಿದ್ದೇ ಇದ್ದ ಅಣ್ಣನ ಕತ್ತಿಯನ್ನು ಹೋಗಿ ಎತ್ತಿಕೊಂಡು ಬಾಗಿಲ ಮುಂದೆ ಬಂದಳು. ಅವನಂತೆ ಕಾಲು ಅಗಲಿಸಿದಳು, ಅವನಂತೆ ಹಲ್ಲು ಕಚ್ಚಿದಳು, ನೂಕಲು ಕೈ ಚಾಚಿದಳು. ತೋರುಬೆರಳ ತುದಿ ಸೋಕಿತೋ ಇಲ್ಲವೋ, ಬೆರಳು ಮರವಾಯಿತು.

“ಬಾ, ಬಾ. ನಿನ್ನ ಅಣ್ಣನ ಹಾಗೇ ಬರುತ್ತೀಯಾ? ಆ ರುಚಿ ನೋಡಿಯಾಗಿದೆ,” ಎಂದಿತು ಒಳಗಿನ ದನಿ.

ಚಂದಲೆ ಚೀರಿ ಕೈ ಕಿತ್ತುಕೊಂಡಳು. ಕತ್ತಿ ಕೆಳಗೆ ಬಿತ್ತು. ಕಾದಲು ಬಾರದು, ಮಂತ್ರ ಬಾರದು, ಬೀಗ ಬಿಚ್ಚಲು ಬಾರದು. ಓಡಿಹೋದರೆ ಅಣ್ಣ ಎಂದೆಂದಿಗೂ ಹಲಗೆ. ಅವಳಿಗೆ ಬರುತ್ತಿದ್ದುದು ಒಂದೇ, ಊರೆಲ್ಲ ನಕ್ಕಿದ್ದೂ ಅದಕ್ಕೇ. ನಾಚಿಕೆಯಿಂದ ಕಣ್ಣು ಮುಚ್ಚಿ, ಮರದ ಬೆರಳಿನಿಂದ ಅಂಚಿನ ಹಲಗೆಯನ್ನು ಮೆಲ್ಲಗೆ ತಟ್ಟಿದಳು. ಈ ಸಲ ಮೈ ಮರವಾಗಲಿಲ್ಲ.

“ಒಳಗೆ ಯಾರಿದ್ದೀರಿ?”

ಉತ್ತರವಿಲ್ಲ. ಅಂದು ಅಂಗಳದಲ್ಲಿಯೂ ಹೀಗೇ ಉತ್ತರ ಬಂದಿರಲಿಲ್ಲ, ಆಮೇಲೆ ನಗು ಬಂದಿತ್ತು. ಆದರೂ ಅವಳು ಕದಲದೆ ಕಾದಳು. ಕಾದೇ ಕಾದಳು. ಕೊನೆಗೆ ಹಲಗೆಯೊಳಗಿಂದ ಕ್ಷೀಣವಾಗಿ ಕೇಳಿಸಿತು.

“ನಾನು... ಕಾಳ. ಅಗುಳಿ ಕಂಡರೆ ಕೈ ಸುಮ್ಮನಿರದವನು.”

ತನ್ನ ಹೆಸರು ಹೇಳಿಕೊಂಡದ್ದೇ ತಡ, ಹಲಗೆ ಕಳಚಿತು, ಕಾಳ ಕೆಮ್ಮುತ್ತ ಹುಲ್ಲಿನ ಮೇಲೆ ಉರುಳಿದ. ಚಂದಲೆ ಪಕ್ಕದ ಹಲಗೆ ತಟ್ಟಿದಳು.

“ಪದ್ಮಲೆ ಕಣೇ. ತಿಳಿಯದ್ದನ್ನು ತಿಳಿಯದೆ ಬಿಟ್ಟುಹೋಗಲಾರದವಳು.”

ಅವಳೂ ಹೊರಬಂದಳು. ಚಂದಲೆ ಮೂರನೆಯದನ್ನು ತಟ್ಟಿದಳು.

“ಬೀರ. ಬೆನ್ನ ಹಿಂದೆ ಯಾರಾದರೂ ಇದ್ದರೆ ಹಿಂದೆ ಸರಿಯಲಾರದವನು. ತಂಗೀ, ನೀನಾ?”

ಬೇರೆ ಬೇರೆ ನಾಡುಗಳಲ್ಲಿ ಆ ಬಾಗಿಲು ನುಂಗಿದ್ದವರ ಹಲಗೆಗಳನ್ನೂ ಅವಳು ತಟ್ಟಿದಳು, ಕಾದಳು, ಕೇಳಿದಳು. ಒಬ್ಬೊಬ್ಬರೇ ಹೊರಬಂದರು. ಹಲಗೆಗಳೆಲ್ಲ ಮುಗಿದಾಗ ಬರಿಯ ಚೌಕಟ್ಟಿನೊಳಗೆ ಗೊಗ್ಗಯ್ಯ ನಿಂತಿದ್ದ. ಸೊಂಟದಲ್ಲಿ ಕತ್ತಿ, ಕೈಯಲ್ಲಿ ಮಂತ್ರದಂಡ, ಬೆರಳಿಗೊಂದು ಬೀಗದ ಕೈ. ಬೀರ ಕೆಳಗೆ ಬಿದ್ದಿದ್ದ ತನ್ನ ಕತ್ತಿಗೆ ಕೈ ಹಾಕಿದ, ಚಂದಲೆ ತಡೆದಳು.

“ನೀವು ಯಾರು?” ಎಂದು ಅವನನ್ನೂ ಕೇಳಿದಳು.

ಗೊಗ್ಗಯ್ಯ ಬಾಯಿ ತೆರೆದ. ಕದ್ದ ದನಿಗಳೆಲ್ಲ ಅವರವರ ಗಂಟಲಿಗೆ ಮರಳಿದ್ದವು. ಅವನದೆನ್ನುವುದು ಒಂದೂ ಉಳಿದಿರಲಿಲ್ಲ. ಬಾಯಿ ತೆರೆದಂತೆಯೇ ಅವನು ಹೊಗೆಯಾಗಿ ಹೋದ, ಹುಲ್ಲಿನ ಮೇಲೆ ತುಕ್ಕು ಹಿಡಿದ ಅಗುಳಿಯೊಂದು ಉಳಿಯಿತು.

ಬೆಳ್ಗಣಿವೆಯಲ್ಲಿ ಹಬ್ಬವಾಯಿತು. ಹಲಗೆಯಾಗಿದ್ದವರು ಹೊಟ್ಟೆ ತುಂಬ ಉಂಡರು, ಪರನಾಡಿನವರು ತಮ್ಮ ತಮ್ಮ ಊರು ಸೇರಿಕೊಂಡರು, ಎಲ್ಲರೂ ಸುಖವಾಗಿ ಬಾಳಿದರು. ಚಂದಲೆಯ ಬೆರಳು ಮಾತ್ರ ಮರವಾಗಿಯೇ ಉಳಿಯಿತು. ಸೌಟು ಕಾಣದಿದ್ದರೆ ಸಾರಿಗೆ ಅದನ್ನೇ ಅದ್ದು ಎಂದು ಬೀರ ಅವಳನ್ನು ರೇಗಿಸುತ್ತಿದ್ದ.

ಅರಸ ನಾಲ್ಕನೆಯ ಮನೆ ಕಟ್ಟಿಸಿ, ಅದಕ್ಕೆ ಯಾವ ಆಯುಧ, ಯಾವ ಉಡುಪು ಬೇಕೆಂದು ಚಂದಲೆಯನ್ನು ಕೇಳಿದ.

“ಕೂರಲು ಒಂದು ಮಣೆ ಸಾಕು, ಪ್ರಭು,” ಎಂದಳು ಅವಳು.

ಆ ಮಣೆಯನ್ನು ಅಂಗಳದ ಹಳೆಯ ಬಾಗಿಲ ಹಿಂದೆ ಹಾಕಿಕೊಂಡಳು. ಮಕ್ಕಳನ್ನು ನಿಲ್ಲಿಸುವ ದಿನವೆಲ್ಲ ಅಲ್ಲಿ ಕೂತಿರುತ್ತಿದ್ದಳು. ಹಲವರು ನೂಕಿದರು, ಹಲವರು ಓದಿದರು, ಹಲವರು ಅಗುಳಿ ತಡವಿದರು. ಎಷ್ಟೋ ಕಾಲದ ಮೇಲೆ ಒಂದು ದಿನ ಮಗುವೊಂದು ಮೆಲ್ಲಗೆ ತಟ್ಟಿ, ಒಳಗೆ ಯಾರಿದ್ದೀರಿ ಎಂದು ಕೇಳಿತು.

“ನಾನಿದ್ದೇನೆ, ಬಾ ಮಗು,” ಎಂದು ಚಂದಲೆ ಬಾಗಿಲು ತೆರೆದಳು.