ಕಾರ್ಡಿನ ಪೆಟ್ಟಿಗೆಯಲ್ಲಿ ಎರಡು ಟೈಲ್ಸ್

ಪೆಟ್ಟಿಗೆಯೊಳಗೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಎರಡು ಟೈಲ್ಸ್ ಇದ್ದವು — ಬಚ್ಚಲಿಗೆ ಹಾಕುವಂಥ, ತಿಳಿಹಸಿರು ಬಣ್ಣದವು.

ತಲೆ ಒರೆಸಿಕೊಳ್ಳುತ್ತಾ ಸ್ನಾನದಿಂದ ಬಂದ ಗಂಡನಿಗೆ ಪುಟ್ಟಿ ಅವನ್ನು ಎತ್ತಿ ತೋರಿಸಿದಳು. ಆಮೇಲೆ ಕಚೇರಿಯ ಸ್ಕೇಲಣ್ಣನನ್ನು ಕರೆದು ಆಡಬಾರದ ಮಾತು ಆಡಿದಳು. ಅದಾದಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿದಳು.

ದೊಡ್ಡಮ್ಮ ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಿಯಾದವಳು. ಆಮೇಲಾದರೂ ಅವಳಿಗೆ ಬೇಕಾಗಿದ್ದದ್ದು ಮಂಡಿನೋವಿಗೊಂದು ಒಳ್ಳೆಯ ಎಣ್ಣೆ, ಯಾರೂ ಸುಳ್ಳು ಹೇಳದ ಒಂದು ದಿನ. ಎರಡೂ ಸಿಕ್ಕಿರಲಿಲ್ಲ. ನೆಂಟರ ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ಇವಳಿಗೇ ಫೋನು.

ಬಂದಾಗ ಹೊರಗಿನ ಮೆಟ್ಟಿಲ ಮೇಲೆ ಸ್ಕೇಲಣ್ಣ ಕೂತಿದ್ದ. ಪುಟ್ಟಿ ಮನೆಯ ಮುಂದಿನ ಕೋಣೆಯಲ್ಲೇ ನಡೆಸುವ ಕಟ್ಟಡ ವಿನ್ಯಾಸದ ಕಚೇರಿಗೆ ನಕ್ಷೆ ಬರೆಯುವವನು. ಕೂದಲು ನರೆತಿದೆ. ಅಂಗಿ ಜೇಬಿನಲ್ಲಿ ಸದಾ ಒಂದು ಉಕ್ಕಿನ ಸ್ಕೇಲು ಇಣುಕುತ್ತಿರುತ್ತದೆ, ಅದಕ್ಕೇ ಆ ಹೆಸರು.

"ಏನಣ್ಣ, ಹೊರಗೆ ಕೂತಿದ್ದೀರ?"

"ಕೀಲಿಕೈ ವಾಪಸ್ ಕೊಟ್ಟೆ ಅಮ್ಮ. ಹೋಗಿ ಅಂದ್ರು. ನೀವು ಬರ್ತೀರ ಅಂತ ಗೊತ್ತಾಯ್ತು, ಕೂತೆ. ಸುಮ್ನೆ ಎದ್ದು ಹೋದ್ರೆ ಕದ್ದಿದ್ದು ನಾನೇ ಅಂತಾಗುತ್ತೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ದೊಡ್ಡಮ್ಮನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಳಗೆ ಪುಟ್ಟಿ ಒಂದೇ ಉಸಿರಿಗೆ ಎಲ್ಲ ಒದರಿದಳು. ಕಟ್ಟುವ ಮೊದಲೇ ಮನೆಯೊಳಗೆ ಓಡಾಡಿದಂತೆ ತೋರಿಸುವ ಚಿತ್ರ ಮಾಡಲು ಹಳೆಯ ಕಂಪ್ಯೂಟರಿನ ಕೈಲಾಗುತ್ತಿರಲಿಲ್ಲ. ಅದು ಇಷ್ಟು ವರ್ಷ ಗ್ರಾಫಿಕ್ಸ್ ಕಾರ್ಡೇ ಇಲ್ಲದೆ ತೆವಳಿಕೊಂಡು ಬಂದಿತ್ತು. ಹೊಸದನ್ನು ಕೊಳ್ಳುವ ಬದಲು ಒಳಗಿನ ಭಾಗಗಳನ್ನಷ್ಟೇ ಬದಲಾಯಿಸೋಣ ಎಂದಾಯಿತು. ಆರಿಸುವ ಹೊಣೆ ಗಂಡನದು. ಕಾಲೇಜಿನಲ್ಲಿ ಪಾಠ ಹೇಳುವವನು, ಮಾತಿಗೇನು ಬರವೇ? ತಿಂಗಳುಗಟ್ಟಲೆ ಊಟದ ತಟ್ಟೆ ಮುಂದೆಯೂ ವಿಡಿಯೋ ನೋಡಿ, ಬಂದವರಿಗೆಲ್ಲ ಅದೇ ಪುರಾಣ ಹೇಳಿ, ಅಳೆದೂ ತೂಗಿ ಹೊಸ ರ್‍ಯಾಮ್, ಪವರ್ ಸಪ್ಲೈ, ಕಾರ್ಡ್ ಆರಿಸಿದ್ದ. ಕಂಪ್ಯೂಟರಿನ ಹಳೇ ಕ್ಯಾಬಿನೆಟ್ ಗಟ್ಟಿಮುಟ್ಟಾಗಿದೆ, ಬರೀ ಡಬ್ಬಕ್ಕೆ ಯಾಕೆ ದುಡ್ಡು ದಂಡ ಎಂದವನೂ ಅವನೇ.

ಸೋಮವಾರ ಸಾಮಾನು ಬಂತು. ಕಾರ್ಡನ್ನು ಅವನೇ ಕೂಸಿನಂತೆ ಎತ್ತಿ, ಪುಟ್ಟಿಗೂ ಸ್ಕೇಲಣ್ಣನಿಗೂ ತೋರಿಸಿ, ಮತ್ತೆ ಪೆಟ್ಟಿಗೆಯಲ್ಲಿಟ್ಟು ಕಚೇರಿಯ ಬೀರುವಿನ ಮೇಲೆ ಇಟ್ಟ. ಭಾನುವಾರ ಜೋಡಿಸುವುದೆಂದು ಮಾತು. ಆದರೆ ಗುರುವಾರವಾದ ಇಂದು ಬೆಳಿಗ್ಗೆ ಗಿರಾಕಿ ಫೋನ್ ಮಾಡಿ, ಚಿತ್ರಗಳು ನಾಳಿದ್ದೇ ಬೇಕು ಎಂದು ಪಟ್ಟು ಹಿಡಿದ. ಪುಟ್ಟಿ ಕಾಯದೆ ಪೆಟ್ಟಿಗೆ ಇಳಿಸಿದಳು.

"ಅಂಗಡಿಯವರು ಮೋಸ ಮಾಡಿಲ್ಲ," ಎಂದಳು ಪುಟ್ಟಿ. "ಕಾರ್ಡನ್ನ ಮೂರೂ ಜನ ಕಣ್ಣಾರೆ ನೋಡಿದ್ದೀವಿ. ಟೈಲ್ಸೂ ನಮ್ಮದೇ, ಗಿರಾಕಿಗಳಿಗೆ ತೋರಿಸೋ ಸ್ಯಾಂಪಲ್ಲು. ಕಚೇರಿ ಕೀಲಿ ಇದ್ದದ್ದು ಸ್ಕೇಲಣ್ಣನ ಹತ್ರ. ನಿನ್ನೆ ಸಂಜೆ ಅವರೊಬ್ಬರೇ ಇದ್ದರು. ನನಗೂ ನಂಬೋಕಾಗ್ತಿಲ್ಲ ದೊಡ್ಡಮ್ಮ, ಆದರೆ ಇನ್ಯಾರು?"

"ನೀವೇನಂತೀರಿ, ಅಳಿಯಂದಿರೇ?"

"ನಾನೇನು ಹೇಳಲಿ..."

"ಕಾರ್ಡನ್ನ ಆಮೇಲೆ ಮುಟ್ಟಿದ್ರಾ?"

"ಇಲ್ಲ."

"ಕಂಪ್ಯೂಟರ್ ಬಿಚ್ಚಿದ್ರಾ?"

"ಭಾನುವಾರ ಬಿಚ್ಚೋಣ ಅಂತಿದ್ದೆ. ಇನ್ನೂ ಮುಟ್ಟೇ ಇಲ್ಲ."

"ಮನೇಲಿ ನೀವೊಬ್ಬರೇ ಇದ್ದದ್ದು ಯಾವಾಗ?"

"ಮಂಗಳವಾರ ಮಧ್ಯಾಹ್ನ. ಇವರಿಬ್ಬರೂ ಸೈಟಿಗೆ ಹೋಗಿದ್ದರು. ನಾನು ಪರೀಕ್ಷೆ ಪೇಪರ್ ತಿದ್ದುತ್ತಿದ್ದೆ."

ದೊಡ್ಡಮ್ಮ ತಲೆಯಾಡಿಸಿದಳು. ಇಂಥ ಉತ್ತರಗಳನ್ನು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಅಷ್ಟರಲ್ಲಿ ಅವಳ ಫೋನ್ ಕೊನೆಯುಸಿರು ಎಳೆಯುತ್ತಿತ್ತು. ಚಾರ್ಜರ್ ಹಾಕಲು ಜಾಗ ಎಲ್ಲಿ? ಮೇಜಿನ ಕೆಳಗೆ, ಕಂಪ್ಯೂಟರಿನ ಹಿಂದೆ. ಮಂಡಿಯನ್ನು ಶಪಿಸುತ್ತಾ ಬಗ್ಗಿದಳು.

ಬಗ್ಗಿದವಳು ತಕ್ಷಣ ಏಳಲಿಲ್ಲ.

"ಪುಟ್ಟಿ, ಟಾರ್ಚ್ ತಾ."

ಕ್ಯಾಬಿನೆಟ್ಟಿನ ಬೆನ್ನ ತುಂಬ ವರ್ಷಗಳ ಧೂಳು. ನಡುವೆ ಅಡ್ಡಡ್ಡ ತಗಡಿನ ಪಟ್ಟಿಗಳು. ಎರಡು ಪಟ್ಟಿಗಳಿರಬೇಕಾದ ಕಡೆ ಬರೀ ತೂತು. ಸುತ್ತಲ ತಗಡು ಮಂಕಾಗಿದ್ದರೂ ಮುರಿದ ಅಂಚು ಮಾತ್ರ ಫಳಫಳ.

"ಇಲ್ಲಿದ್ದ ಪಟ್ಟಿ ಯಾಕೆ ಮುರೀತಾರೆ?"

"ಕಾರ್ಡ್ ಕೂರಿಸೋಕೆ," ಎಂದಳು ಪುಟ್ಟಿ. "ಅದರ ತುದಿ ಅಲ್ಲಿಂದ ಆಚೆ ಬರಬೇಕು. ಇದು ಅಗ್ಗದ ಕ್ಯಾಬಿನೆಟ್, ಪಟ್ಟಿ ಒಂದು ಸಲ ಮುರಿದರೆ ಮತ್ತೆ ಹಾಕೋಕಾಗಲ್ಲ." ಹೇಳುತ್ತಲೇ ಅವಳೂ ಬಗ್ಗಿ ಆ ತೂತು ನೋಡಿದಳು.

ದೊಡ್ಡಮ್ಮ ಬಾಗಿಲ ಕಡೆ ತಿರುಗಿ ಕರೆದಳು. "ಅಣ್ಣ, ಸ್ವಲ್ಪ ನಿಮ್ಮ ಸ್ಕೇಲ್ ಕೊಡ್ತೀರಾ?"

ಸ್ಕೇಲಣ್ಣ ಹೊಸ್ತಿಲಾಚೆಯೇ ನಿಂತು ಕೊಟ್ಟ.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆಸಿದಳು. ಒಳಗೆ ಮುಂಭಾಗದಲ್ಲಿ, ಹಾರ್ಡ್ ಡಿಸ್ಕ್ ಕೂರಿಸುವ ತಗಡಿನ ಗೂಡು ಒಂದು ಕಡೆ ನೆಗ್ಗಿತ್ತು. ಅಲ್ಲೂ ಹೊಸ ಗೀರು. ಬೆನ್ನಿನಿಂದ ಗೂಡಿನವರೆಗೆ ಸ್ಕೇಲ್ ಇಟ್ಟು ಹೆಬ್ಬೆರಳಿನಿಂದ ಗುರುತು ಹಿಡಿದಳು. ಆಮೇಲೆ ಖಾಲಿ ಪೆಟ್ಟಿಗೆಯ ಸ್ಪಂಜಿನ ಮೇಲೆ ಅದೇ ಸ್ಕೇಲ್ ಇಟ್ಟಳು. ಸ್ಪಂಜಿನಲ್ಲಿ ಕಾರ್ಡಿನ ಆಕಾರದ್ದೇ ಒಂದು ಗುಳಿ. ಕ್ಯಾಬಿನೆಟ್ಟಿನೊಳಗಿನ ಜಾಗಕ್ಕಿಂತ ಗುಳಿಯೇ ನಾಲ್ಕು ಬೆರಳು ಹೆಚ್ಚು ಉದ್ದ.

ಅವಳು ಕುರ್ಚಿಗೆ ಒರಗಿದಳು. ಗೆದ್ದ ಖುಷಿ ಏನೂ ಇರಲಿಲ್ಲ, ಮನೆಗೆ ಹೋಗಿ ಮಲಗಬೇಕೆನಿಸಿತ್ತು.

"ನೀವೆಲ್ಲ ಪೆಟ್ಟಿಗೆ ನೋಡಿದ್ರಿ. ಕಾರ್ಡ್ ಹೋಗಬೇಕಾಗಿದ್ದ ಜಾಗ ಯಾರೂ ನೋಡಲಿಲ್ಲ. ಯೋಚನೆ ಮಾಡು ಪುಟ್ಟಿ. ಮಾರೋಕೆ ಅಂತ ಕದಿಯೋನು ಪೆಟ್ಟಿಗೆಯಿಂದ ತೆಗೆದು ಚೀಲಕ್ಕೆ ಹಾಕ್ಕೊಂಡು ಹೋಗ್ತಾನೆ. ಅದು ನಿನ್ನ ಕಂಪ್ಯೂಟರಲ್ಲಿ ಕೂರುತ್ತೋ ಇಲ್ವೋ ಅವನಿಗ್ಯಾಕೆ? ಪಟ್ಟಿ ಮುರಿದು, ಗೂಡು ನೆಗ್ಗಿಸಿ, ತುರುಕಿ ನೋಡೋದು ಇಲ್ಲೇ ಹಾಕಬೇಕು ಅಂತ ತಂದೋನೊಬ್ಬನೇ. ಅವನೇ ಈಗ ಕಂಪ್ಯೂಟರ್ ಮುಟ್ಟೇ ಇಲ್ಲ ಅಂದಿದ್ದು."

ಅವಳು ಪುಟ್ಟಿಯ ಗಂಡನ ಕಡೆ ತಿರುಗಿದಳು.

"ಎಲ್ಲಿದೆ, ಅಳಿಯಂದಿರೇ?"

"ನನ್ನ ಕಾಲೇಜಿನ ಬ್ಯಾಗಲ್ಲಿ."

ಆಮೇಲೆ ಕಟ್ಟೆ ಒಡೆದಂತೆ ಎಲ್ಲ ಹೊರಬಂತು. ಮಂಗಳವಾರ ಸುಮ್ಮನೆ ಇಟ್ಟು ನೋಡಿದ. ಕಾರ್ಡ್ ಉದ್ದವಾಗಿ ಒಳಗೆ ಕೂರಲಿಲ್ಲ. ಇಷ್ಟು ತಿಂಗಳು ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ ಎಂದು ಮುಖ ತೋರಿಸಲಾಗಲಿಲ್ಲ. ಭಾನುವಾರದೊಳಗೆ ಅಂಗಡಿಯವರನ್ನು ಕಾಡಿಬೇಡಿ ಗಿಡ್ಡದು ತರೋಣ, ಯಾರಿಗೂ ಗೊತ್ತಾಗದು ಎಂದುಕೊಂಡ. ಧೂಳು ಹೊಡೆಯುವಾಗ ಪುಟ್ಟಿ ಪೆಟ್ಟಿಗೆ ಎತ್ತಿದರೆ ಹಗುರವಾಗಿರಬಾರದಲ್ಲ — ಕೈಗೆ ಸಿಕ್ಕ ಟೈಲ್ಸ್ ಇಟ್ಟ. ಅದು ಇನ್ನೊಬ್ಬರ ತಲೆಗೆ ಬರುತ್ತದೆಂದು ಖಂಡಿತ ಎಣಿಸಿರಲಿಲ್ಲ.

"ಎಣಿಸಿರಲಿಲ್ಲ, ಒಪ್ಪಿದೆ," ಎಂದಳು ದೊಡ್ಡಮ್ಮ. "ಕಾರ್ಡ್ ಬಚ್ಚಿಟ್ಟದ್ದು ಪೆದ್ದುತನ. ನಗಬಹುದಿತ್ತು. ಆದರೆ ಬೆಳಿಗ್ಗೆ ಇವಳು ಆ ಮನುಷ್ಯನನ್ನ ಕಳ್ಳ ಅಂದಾಗ ನೀವು ಇಲ್ಲೇ ನಿಂತಿದ್ರಿ. ಬಾಯಿ ಬಿಡಲಿಲ್ಲ. ಅದಕ್ಕೆ ನಾನೇನು ಹೆಸರಿಡಲಿ?"

ಪುಟ್ಟಿ ಅಳುತ್ತಿದ್ದಳು. ಕೀಲಿಕೈ ಹಿಡಿದು ಬಾಗಿಲಿಗೆ ಹೋದಳು. ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಮತ್ತೆ ಮತ್ತೆ ಹೇಳಿದಳು. ಗಂಡನೂ ಹಿಂದೆ ಬಂದು ತಲೆ ತಗ್ಗಿಸಿ ನಿಂತ.

ಸ್ಕೇಲಣ್ಣ ಕೀಲಿಕೈ ನೋಡಿದ, ತೆಗೆದುಕೊಳ್ಳಲಿಲ್ಲ.

"ಬೆಳಿಗ್ಗೆ ನನ್ನ ಹೆಂಡತಿ ಫೋನ್ ಮಾಡಿದ್ದಳು ಸಾರ್. ನನ್ನ ದನಿ ಕೇಳಿ ಏನಾಯ್ತು ಅಂದಳು. ಸುಳ್ಳು ಹೇಳೋಕೆ ಬರಲಿಲ್ಲ, ಕಳ್ಳ ಅಂದ್ರು ಅಂತ ಹೇಳಿಬಿಟ್ಟೆ. ಅವಳು 'ತಗೊಂಡಿದ್ರೆ ವಾಪಸ್ ಕೊಟ್ಬಿಡಿ' ಅಂದಳು. ಇಷ್ಟು ವರ್ಷ ಜೊತೆಗೆ ಬಾಳಿದೋಳು, ಒಂದು ಗಳಿಗೆ ಅವಳೂ ನಂಬಿಬಿಟ್ಟಳು."

ಸ್ಕೇಲಣ್ಣ ಜೇಬಿನಿಂದ ತನ್ನ ಫೋನ್ ತೆಗೆದ.

"ನಾನು ಹೇಳಿದ್ರೆ ಅವಳ ಮನಸ್ಸಲ್ಲಿ ಚೂರು ಉಳಿಯುತ್ತೆ. ನೀವೇ ಹೇಳಿ ಸಾರ್. ಆಮೇಲೆ ಕೀಲಿಕೈ ಮಾತು."

ಹೆಂಡತಿಯ ನಂಬರ್ ಒತ್ತಿ, ಸ್ಪೀಕರ್ ಹಾಕಿ ಮುಂದೆ ಚಾಚಿದ. ಗಂಡ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ. ರಿಂಗಾಗುತ್ತಿರುವುದು ಒಳಗಿದ್ದ ದೊಡ್ಡಮ್ಮನಿಗೂ ಕೇಳಿಸುತ್ತಿತ್ತು. ಆ ಕಡೆಯಿಂದ ಹೆಂಗಸಿನ ದನಿ, ಹೆದರಿದ ದನಿ, "ಏನಂದ್ರು? ವಾಪಸ್ ಕೊಟ್ರಾ?" ಎಂದಿತು.

"ಅಕ್ಕಾ," ಎಂದ ಗಂಡ. "ಅವರಲ್ಲ. ನಾನು."