ಬೋರಲು ಹಾಕಿದ ಕೊಡಗಳು

ಒಂದು ಮನೆಯಲ್ಲಿ ಟಿ.ವಿ. ರಿಮೋಟು ಯಾರ ಕೈಯಲ್ಲಿರಬೇಕು ಎಂಬುದು ರಾಜ್ಯಭಾರಕ್ಕಿಂತ ಗಹನವಾದ ವಿಷಯ. ಘಾಟ್ಕೋಪರಿನ ಆ ಫ್ಲ್ಯಾಟಿನಲ್ಲಿ ಸಿಂಹಾಸನ ದೊಡ್ಡಮ್ಮ ಶೀಲಾವತಿಯವರದು. ಪ್ಲಾಸ್ಟಿಕ್ ಕವರು ತೊಟ್ಟ ರಿಮೋಟು ಅವರ ಮಡಿಲಿನಲ್ಲಿ ಭದ್ರವಾಗಿತ್ತು.

“ದೊಡ್ಡಮ್ಮ, ಪ್ಲೀಸ್... ಬಂದ್ ಮಾಡಿ ನಾ!” ಯಕ್ಷಿತಾ ಬೇಡಿದಳು.

“ಎಂತಕ್ಕೆ? ಊರಿಡೀ ನೋಡ್ತದೆ. ನಮ್ಮ ಮನೆ ಕಥೆ ನಾವೇ ನೋಡದಿದ್ರೆ ಹೇಗೆ?”

ಕಥೆ ಅವರ ಮನೆಯದೇ. ಹೆಸರುಗಳನ್ನು ಮಾತ್ರ ಬದಲಿಸಿದ್ದರು. ದಾದರಿನ ಒಂದು ಉಡುಪಿ ಹೋಟೆಲು, ಊಟದಲ್ಲಿ ವಿಷ ಸೇರಿ ಸತ್ತ ಮಾಲೀಕ, ಮಾಲೀಕನ ಮಗಳನ್ನು ಪ್ರೀತಿಸಿದ ಅಡುಗೆಯವನು. ‘ನಿಜಕ್ಕೂ ಅವನೇ ಕೊಂದನೆ?’ ಎಂದು ಆ ಹಿಂದಿ ಸೀರಿಯಲ್ಲು ಸೋಪು, ಸಿಮೆಂಟಿನ ಜಾಹೀರಾತುಗಳ ನಡುವೆ ದೇಶವನ್ನೇ ಕೇಳುತ್ತಿತ್ತು.

ಯಕ್ಷಿತಾ ಆ ಪ್ರಶ್ನೆಗೆ ಏಳು ವರ್ಷದ ಹಿಂದೆಯೇ ಕಟಕಟೆಯಲ್ಲಿ ನಿಂತು ಉತ್ತರ ಕೊಟ್ಟಿದ್ದಳು.

ಅಡುಗೆಯ ತಿಲಕ್ ಅವಳಪ್ಪ ನಾಣಿಯಣ್ಣನ ಬಳಿ ಹೆಣ್ಣು ಕೇಳಿದ್ದ. “ಸೌಟು ಹಿಡಿಯುವವನಿಗೆ ನನ್ನ ಮಗಳಾ?” ಎಂದು ಅಪ್ಪ ಗಿರಾಕಿಗಳ ಎದುರೇ ಕೂಗಾಡಿದ್ದರು. ಮರುದಿನ ಊಟ ಮಾಡಿ ಹೋಟೆಲಿನ ಮಹಡಿಯ ಕೋಣೆಯಲ್ಲಿ ಮಲಗಿದ ಅಪ್ಪ ಏಳಲೇ ಇಲ್ಲ. ಅಪ್ಪನ ಹೆಣದ ಪಕ್ಕ ಕೂತು ಅಳುತ್ತಿದ್ದವಳು ಕಿಟಕಿಯಿಂದ ಕಂಡದ್ದು ಒಂದೇ... ತಿಲಕ್ ಸಾಂಬಾರಿನ ಪಾತ್ರೆಯನ್ನು ಮೋರಿಗೆ ಬಗ್ಗಿಸುತ್ತಿದ್ದ!

ಅಷ್ಟನ್ನೇ ಅವಳು ಹೇಳಿದಳು. ಸಾಕ್ಷ್ಯನಾಶ ಎಂದರು. ಜೀವಾವಧಿ ಎಂದರು.

ಈಗ ಪರದೆಯ ಮೇಲೆ, ಜಿಮ್ಮಿನಲ್ಲೇ ಅಡುಗೆ ಕಲಿತಂತಿದ್ದ ನಟನೊಬ್ಬ ಸಾಂಬಾರು ಚೆಲ್ಲಿ, ಗುಡುಗಿನ ಸದ್ದಿಗೆ ಸರಿಯಾಗಿ ನಕ್ಕ.

“ಇದೆಂತ! ಸಾಂಬಾರು ಮಾತ್ರ ಚೆಲ್ಲಿದ,” ಶೀಲಾವತಿಯವರಿಗೆ ತಡೆಯಲಾಗಲಿಲ್ಲ. “ಅನ್ನ? ನೀರಿನ ಕೊಡ? ಬರೆದವನಿಗೆ ಸೂತಕ ಅಂದ್ರೆ ಎಂತ ಅಂತ ಗೊತ್ತಿಲ್ಲ.”

“ಸೂತಕ... ಮತ್ಲಬ್?”

“ಮನೆಯಲ್ಲಿ ಜೀವ ಹೋದ್ರೆ ಮಾಡಿಟ್ಟ ಅಡುಗೆ, ತುಂಬಿಸಿಟ್ಟ ನೀರು ಯಾರಾದ್ರೂ ಇಟ್ಕೊಳ್ತಾರಾ ಮಾರಾಯ್ತಿ? ಎಲ್ಲ ಚೆಲ್ಲಿ ಪಾತ್ರೆ ಬೋರಲು ಹಾಕ್ಬೇಕು. ನನ್ನ ತಂಗಿ ಬದುಕಿದ್ದಿದ್ರೆ ನಿನಗೆ ಕಲಿಸ್ತಿದ್ಳು.”

ದೊಡ್ಡಮ್ಮ ಊರು ಬಿಟ್ಟು ಬಂದದ್ದು ಶಿಕ್ಷೆಯೆಲ್ಲ ಆದಮೇಲೆ. ತಿಲಕ್ ವಿಷ ಹಾಕಿದ ಎಂದಷ್ಟೇ ಅವರಿಗೆ ಹೇಳಿದ್ದರು. ಸಾಂಬಾರಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಯಕ್ಷಿತಾ ದೊಡ್ಡಮ್ಮನ ಕಡೆ ತಿರುಗಿದಳು.

ಅಂದು ಪೊಲೀಸ್ ಸಾಹೇಬರು ಕುಡಿಯಲು ನೀರು ಕೇಳಿದ್ದರು. ಇಡೀ ಹೋಟೆಲಿನಲ್ಲಿ ಒಂದು ಲೋಟ ನೀರಿರಲಿಲ್ಲ! ನಲ್ಲಿ ಬರುವ ಹೊತ್ತಿಗೆ ಜಗಳವಾಡಿ ತುಂಬಿಸಿದ್ದ ಕೊಡ, ಹಂಡೆ, ಅನ್ನದ ತಪ್ಪಲೆ... ಗೋಡೆಯುದ್ದಕ್ಕೂ ಸಾಲಾಗಿ ಬೋರಲು. ಪಕ್ಕದ ಅಂಗಡಿಯಿಂದ ಬಾಟಲಿ ನೀರು ತಂದುಕೊಟ್ಟವಳು ಅವಳೇ.

‘ವಿಷ ಅಡಗಿಸುವವನು ಕೊಡಗಳನ್ನೆಲ್ಲ ಯಾಕೆ ಬೋರಲು ಹಾಕಬೇಕು? ನಾನು ನೋಡಿದ್ದೆ... ಹೇಳಲಿಲ್ಲ. ಅರ್ಧ ಮಾತ್ರ ಹೇಳಿದೆ!’

ಅವಳು ಬಿಕ್ಕುತ್ತ ಎಲ್ಲವನ್ನೂ ಹೇಳಿದಾಗ, ಶೀಲಾವತಿಯವರು ಕಂತು ಮುಗಿಯುವ ಮುನ್ನವೇ ಟಿ.ವಿ. ಆರಿಸಿದರು. ಹಾಗೆ ಹಿಂದೆಂದೂ ಆದದ್ದಿಲ್ಲ.

ಜೈಲಿನ ಭೇಟಿಯ ಕೋಣೆಯಲ್ಲಿ ನಡುವೆ ಮಾಸಿದ ಗಾಜು, ಆಚೆಗೊಂದು ಈಚೆಗೊಂದು ಫೋನು. ತಿಲಕ್ ಇಳಿದುಹೋಗಿದ್ದ. ಕಿವಿಯ ಬಳಿ ಕೂದಲು ನರೆತಿತ್ತು.

“ಬಂದ್ರಾ?” ಎಂದ.

ಬೈಗುಳಕ್ಕೆ ಸಿದ್ಧಳಾಗಿ ಬಂದವಳಿಗೆ ಆ ಒಂದು ಪದ ತಡೆದುಕೊಳ್ಳಲಾಗಲಿಲ್ಲ.

“ಕೊಡ ಸಬ್ ಉಲ್ಟಾ ಇತ್ತು ತಿಲಕ್. ನಾನು ನೋಡಿದ್ದೆ. ಕೋರ್ಟಲ್ಲಿ ಹೇಳ್ಲೇ ಇಲ್ಲ...”

“ನಿಮ್ಮನ್ನು ಯಾರೂ ಕೇಳ್ಲಿಲ್ಲ.”

“ನೀವ್ಯಾಕೆ ಹೇಳ್ಲಿಲ್ಲ?”

“ಹೇಳಿದೆ. ನನ್ನ ವಕೀಲರೇ ನಗಾಡಿದ್ರು. ‘ಸಾಕ್ಷಿ ಯಾರು?’ ಅಂದ್ರು. ಧಣಿಗಳ ಮಗಳು ನೋಡಿದ್ದಾರೆ, ಅವರೇ ಹೇಳ್ತಾರೆ ಅಂದೆ. ನೀವು ಕಟಕಟೆ ಇಳಿಯುವವರೆಗೂ ಕಾದೆ.”

ಯಕ್ಷಿತಾ ಹಣೆಯನ್ನು ಗಾಜಿಗೆ ಒತ್ತಿದಳು.

“ಅಪ್ಪ ಅಷ್ಟು ಅವಮಾನ ಮಾಡಿದ್ರು. ಫಿರ್ ಭೀ ಯಾಕೆ ಮಾಡಿದ್ರಿ ಅದೆಲ್ಲ?”

“ನೀವು ಮೇಲೆ ಅಳ್ತಾ ಇದ್ರಿ. ಮನೆಯಲ್ಲಿ ಬೇರೆ ಯಾರಿದ್ರು?” ಅವನು ಕಣ್ಣು ತಗ್ಗಿಸಿದ. “ಧಣಿಗಳು ಅಳಿಯ ಆಗ್ಲಿಕ್ಕೆ ಬಿಡಲಿಲ್ಲ. ಅಳಿಯನ ಕೆಲಸ ಒಂದು ಮಾಡಿದೆ, ಅಷ್ಟೆ.”



“ಹೊಸ ಹೇಳಿಕೆಗೆ ಸೈನ್ ಮಾಡಿದೆ,” ಅವಳೆಂದಳು. “ನನ್ನ ಮೇಲೂ ಕೇಸ್ ಆಗ್ಬಹುದಂತೆ. ಹೋನೇ ದೋ, ಆಗ್ಲಿ.”

“ಯಾರು ವಿಷ ಹಾಕಿದ್ದು ಅಂತ ನನಗೂ ಗೊತ್ತಿಲ್ಲ ಯಕ್ಷಿತಾ. ಅದು ಗೊತ್ತಾಗದೆ ನನ್ನನ್ನು ಬಿಡದಿದ್ರೆ?”

“ಕಾಯ್ತೇನೆ. ನೀವು ಕಾದ್ರಿ ಅಲ್ವಾ... ಈಗ ನನ್ನ ಬಾರಿ.”

ಏಳು ವರ್ಷದಲ್ಲಿ ಮೊದಲ ಬಾರಿ ಅವನ ತುಟಿ ಅರಳಿತು.

“ನಿಮ್ಮ ಕನ್ನಡ ಈಗಲೂ ವಡಾಪಾವಿನ ಹಾಗೇ ಉಂಟು.”

“ಕಲಿಸಿ.”

“ಕಲಿಸುವ. ಇಲ್ಲಿ ಟೈಮಿಗೆಂತ ಬರ ಇಲ್ಲ.”

ಸೀರಿಯಲ್ಲಿನ ಅಡುಗೆಯವನು ಕೊನೆಯ ಕಂತಿನಲ್ಲಿ ನಿರಪರಾಧಿಯಾಗಿ ಹೊರಬಂದ. ತಿಲಕನ ಮೇಲ್ಮನವಿಯಲ್ಲಿ ಯಕ್ಷಿತಾಳ ಹೇಳಿಕೆಯನ್ನು ದಾಖಲಿಸಿಕೊಂಡರು. ಜಾಮೀನು ಸಿಗಲಿಲ್ಲ. ಅವಳು ಪ್ರತಿ ಭೇಟಿಯ ದಿನವೂ ಹೋಗುತ್ತಾಳೆ.